ಸಾರಥಿಯ ಅವಧಾನ

ಪೋಲೀಸು ಠಾಣೆಯ ಕನ್ನಡವನ್ನು ಪಂಡಿತರು ಸಾಮಾನ್ಯವಾಗಿ ಕಣ್ಣೆತ್ತಿ ನೋಡುವುದಿಲ್ಲ. ಆದರೂ ಅದರಲ್ಲಿ ಚಿಂತನೆಗೆ ಯೋಗ್ಯವಾದ ಶಬ್ದಗಳು ಕೆಲವು ಉಂಟು. ಹುಬ್ಬಳ್ಳಿ-ಧಾರವಾಡದ ಭಾಗದಲ್ಲಿ ರಸ್ತೆಯ ಅಪಘಾತವೊಂದು ಸಂಭವಿಸಿದಾಗ ಬರೆದುಕೊಳ್ಳುವ ಫಿರ್ಯಾದಿಯಲ್ಲಿ ಒಂದು ಮಾತು ಬಹುಮಟ್ಟಿಗೆ ಇದ್ದೇ ಇರುತ್ತದೆ. ಆರೋಪಿತನು ತನ್ನ ವಾಹನವನ್ನು ಅತಿ ಜೋರಿನಿಂದಲೂ ನಿಷ್ಕಾಳಜಿತನದಿಂದಲೂ ನಡೆಸಿಕೊಂಡು ಬಂದನು ಎಂಬುದೇ ಆ ಮಾತು. ‘ಕಾಳಜಿ’ಯು ಮರಾಠಿಯ ನೆರೆಯಿಂದ ಬಂದು ಈ ನೆಲದಲ್ಲಿ ಒಕ್ಕಲಾದ ಶಬ್ದ. ಅದರ ಮುಂದೆ ಸಂಸ್ಕೃತದ ‘ನಿಸ್’ ಎಂಬ ಉಪಸರ್ಗವೂ ಹಿಂದೆ ಕನ್ನಡದ ‘ತನ’ ಎಂಬ ಪ್ರತ್ಯಯವೂ ಬಂದು ಕೂಡಿಕೊಂಡಿವೆ. ಮೂರು ಭಾಷೆಗಳು ಸೇರಿ ಒಂದು ಅಪರಾಧಕ್ಕೆ ಹೆಸರಿಟ್ಟಿವೆ.

ಈ ಎರಡು ಆರೋಪಗಳಲ್ಲಿ ಮೊದಲನೆಯದನ್ನು ಅಳೆಯಲು ಸಾಧನಗಳಿವೆ. ಗಾಲಿ ಉಜ್ಜಿದ ಗುರುತು, ನುಗ್ಗಾದ ತಗಡು, ಒಡೆದ ಗಾಜು, ರಸ್ತೆಯ ಪಕ್ಕದ ಕ್ಯಾಮೆರಾ ಇವು ಜೋರಿಗೆ ಸಾಕ್ಷಿ ನುಡಿಯುತ್ತವೆ. ಎರಡನೆಯದಕ್ಕೆ ಅಳತೆಗೋಲು ಯಾವುದು? ಆ ಕ್ಷಣದಲ್ಲಿ ಚಾಲಕನ ಕಣ್ಣು ಎಲ್ಲಿತ್ತು, ಮನಸ್ಸು ಎಲ್ಲಿತ್ತು ಎಂಬುದನ್ನು ಬಲ್ಲವರು ಯಾರು? ಈ ಪ್ರಶ್ನೆಯು ಧಾರವಾಡದ ಒಬ್ಬ ನಿವೃತ್ತ ಮಾಸ್ತರರ ಮನೆಯ ಕಟ್ಟೆಯನ್ನು ಒಂದು ಸಂಜೆ ಏರಿ ಬಂದಿತು. ಸಂಬಂಧಪಟ್ಟವರ ಹೆಸರುಗಳು ಇಲ್ಲಿ ಅನಾವಶ್ಯಕ. ಮಠದ ಶಾಲೆಯಲ್ಲಿ ಮೂರು ದಶಕ ವ್ಯಾಕರಣ ಕಲಿಸಿದ ಗುರುಗಳು ಒಬ್ಬರು, ಅವರ ಕೈಯಲ್ಲಿ ಕಲಿತು ಈಗ ಹುಬ್ಬಳ್ಳಿಯಲ್ಲಿ ಅಂಗಡಿ ಇಟ್ಟುಕೊಂಡಿರುವ ಶಿಷ್ಯ ಒಬ್ಬ ಎಂದರೆ ಸಾಕು.

ಹುಬ್ಬಳ್ಳಿಗೂ ಧಾರವಾಡಕ್ಕೂ ನಡುವಣ ಇಪ್ಪತ್ತು ಕಿಲೋಮೀಟರಿನ ದಾರಿಯು ಈ ಎರಡು ಊರುಗಳ ಜನಕ್ಕೆ ಮನೆಯ ಪಡಸಾಲೆಯಷ್ಟೇ ಪರಿಚಿತವಾದುದು. ಉಣಕಲ್ಲ ಕೆರೆ, ನವನಗರ, ರಾಯಾಪುರ, ಸತ್ತೂರು, ನವಲೂರು ಎಂದು ನಿದ್ದೆಗಣ್ಣಿನಲ್ಲಿಯೂ ಎಣಿಸಬಲ್ಲರು. 2018ರಲ್ಲಿ ಚಿಗರಿ ಬಸ್ಸುಗಳು ಓಡತೊಡಗಿದಂದಿನಿಂದ ರಸ್ತೆಯ ನಡುಭಾಗ ಅವಕ್ಕೆ ಮೀಸಲಾಯಿತು. ಉಳಿದ ವಾಹನಗಳಿಗೆ ಎರಡು ಮಗ್ಗುಲುಗಳು ಉಳಿದವು. ಪರಿಚಯವು ಗೌರವವನ್ನು ಹೇಗೆ ಕುಂದಿಸುತ್ತದೆಯೋ ಹಾಗೆಯೇ ಎಚ್ಚರವನ್ನೂ ಕುಂದಿಸುತ್ತದೆ. ಗೊತ್ತಿಲ್ಲದ ಘಟ್ಟದ ದಾರಿಯಲ್ಲಿ ಮೈಯೆಲ್ಲ ಕಣ್ಣಾಗಿ ಹೋಗುವವನು ದಿನದ ದಾರಿಯಲ್ಲಿ ಕಣ್ಣನ್ನು ಬೇರೆಡೆಗೆ ಕಳಿಸುತ್ತಾನೆ.

ಆ ಶಿಷ್ಯನು ಅಂಗಡಿಯ ಬಾಗಿಲು ಹಾಕಿ ಕಾರಿನಲ್ಲಿ ಧಾರವಾಡದ ಮನೆಗೆ ಮರಳುತ್ತಿದ್ದನು. ನವಲೂರು ದಾಟಿದ ಮೇಲೆ, ಪೇರಲ ಹಣ್ಣಿನ ಬುಟ್ಟಿಗಳನ್ನು ಮೊಪೆಡ್ಡಿಗೆ ಕಟ್ಟಿಕೊಂಡು ಮುಂದೆ ಸಾಗಿದ್ದ ಒಬ್ಬ ರೈತನಿಗೆ ಅವನ ವಾಹನವು ಬಡಿಯಿತು. ಓಡಿಹೋಗುವ ಬುದ್ಧಿ ಅವನಿಗೆ ಬರಲಿಲ್ಲ. ಗಾಯಾಳುವನ್ನು ತನ್ನ ಕಾರಿನಲ್ಲಿಯೇ ಹಾಕಿಕೊಂಡು ಆಸ್ಪತ್ರೆಗೆ ಒಯ್ದನು, ಠಾಣೆಗೂ ತಿಳಿಸಿದನು. ಮೋಟಾರು ವಾಹನಗಳ ಕಾಯ್ದೆಯ 134ನೆಯ ಕಲಮು ಚಾಲಕನಿಂದ ಇಷ್ಟನ್ನು ಅಪೇಕ್ಷಿಸುತ್ತದೆ. ಅವನು ಕಾಯ್ದೆಯನ್ನು ಅರಿತು ಮಾಡಿದ್ದಲ್ಲ, ಮನುಷ್ಯನಾಗಿ ಮಾಡಿದನು. ಮೂರನೆಯ ದಿನ ಗಾಯಾಳು ತೀರಿಕೊಂಡನು. ಅವನಿಗೆ ನಲವತ್ತೆರಡು ವರುಷ. ಮನೆಯಲ್ಲಿ ಹೆಂಡತಿ, ಇಬ್ಬರು ಮಕ್ಕಳು, ಮುಪ್ಪಿನ ತಾಯಿ.

ಸ್ವಲ್ಪ ದಿನಗಳ ಮೇಲೆ ಶಿಷ್ಯನು ಗುರುಗಳ ಮನೆಗೆ ಬಂದನು. ಕಟ್ಟೆಯ ಮೇಲೆ ಕುಳಿತವನು ಬಹಳ ಹೊತ್ತು ಮಾತನಾಡಲಿಲ್ಲ.

“ಯಾಕೋ ತಮ್ಮಾ, ಚಾ ಆರಿ ಹೋಗಾಕತ್ತೈತಿ” ಎಂದರು ಗುರುಗಳು.

“ಸರ್ರ, ಒಂದ ಮಾತು ಯಾರ ಮುಂದೂ ಹೇಳಿಲ್ರಿ. ಅಂವಾ ಒಮ್ಮಿಂದೊಮ್ಮೆಲೆ ಅಡ್ಡ ಬಂದಾ ಅಂತ ಎಲ್ಲಾರೂ ಅನ್ನಾಕತ್ತಾರ್ರಿ. ಅಂವಾ ಅಡ್ಡ ಬರ್ಲಿಲ್ರಿ. ನಾನ ರಸ್ತಾ ನೋಡ್ತಿರ್ಲಿಲ್ರಿ.”

ಕಾರಿನ ಪಕ್ಕದ ಆಸನದ ಮೇಲೆ ಇಟ್ಟ ಮೊಬೈಲಿನಲ್ಲಿ ಬೆಳಕು ಮೂಡಿತ್ತು. ಮಗಳು ಕಳಿಸಿದ ಒಂದು ಸಂದೇಶ. ಎಲ್ಲಿದ್ದೀರಿ ಎಂಬ ಒಂದೇ ಪ್ರಶ್ನೆ. ಅದನ್ನು ಓದಲು ಹಿಡಿದ ಹೊತ್ತು ಎರಡು ಸೆಕೆಂಡು ಇದ್ದೀತು. ಗಂಟೆಗೆ ಅರವತ್ತು ಕಿಲೋಮೀಟರು ವೇಗದಲ್ಲಿ ಹೋಗುವ ವಾಹನವು ಒಂದು ಸೆಕೆಂಡಿಗೆ ಹದಿನಾರು ಮೀಟರಿಗೂ ಹೆಚ್ಚು ದೂರ ಕ್ರಮಿಸುತ್ತದೆ. ಎರಡು ಸೆಕೆಂಡಿಗೆ ಮೂವತ್ತಮೂರು ಮೀಟರು. ಅಷ್ಟು ದೂರವನ್ನು ಆ ಕಾರು ಕಣ್ಣಿಲ್ಲದೆ ಓಡಿತ್ತು. ಅದು ಅತಿ ಜೋರೇನೂ ಅಲ್ಲ. ಆದುದರಿಂದಲೇ ಅವನಲ್ಲಿ ತಪ್ಪು ಕಾಣುವುದು ಯಾರಿಗೂ ಸುಲಭವಾಗಿರಲಿಲ್ಲ.

ಗುರುಗಳಿಗೆ ವ್ಯಾಕರಣ ಗೊತ್ತು, ಕಾಯ್ದೆ ಗೊತ್ತಿಲ್ಲ. ಗೊತ್ತಿಲ್ಲದುದನ್ನು ಗೊತ್ತಿಲ್ಲವೆಂದು ಹೇಳುವ ರೂಢಿ ಅವರದು. ಮರುದಿನ ಬೆಳಗ್ಗೆ ಶಿಷ್ಯನನ್ನು ಕರೆದುಕೊಂಡು ತಮ್ಮ ಇನ್ನೊಬ್ಬ ಶಿಷ್ಯರ ಕಚೇರಿಗೆ ಹೋದರು. ಇವರು ಧಾರವಾಡದ ಉಚ್ಚ ನ್ಯಾಯಾಲಯದ ಪೀಠದಲ್ಲಿ ವಕೀಲಿ ಮಾಡುವವರು. 2008ರಲ್ಲಿ ಸಂಚಾರಿ ಪೀಠವಾಗಿ ತೊಡಗಿ 2013ರಲ್ಲಿ ಕಾಯಂ ಆದ ಆ ಪೀಠದ ಮುಂದೆ ಬರುವ ಮೇಲ್ಮನವಿಗಳಲ್ಲಿ ಮೋಟಾರು ಅಪಘಾತದವು ಬಹಳ. ವಕೀಲರು ಇಬ್ಬರನ್ನೂ ಕೂಡಿಸಿಕೊಂಡು ಸಾವಧಾನವಾಗಿ ತಿಳಿಸಿ ಹೇಳಿದರು. ಅವರು ಹೇಳಿದ್ದು ಪ್ರತಿಯೊಬ್ಬ ವಾಹನಿಕನೂ ತಿಳಿದಿರಬೇಕಾದುದು.

ಒಂದು ಅಪಘಾತಕ್ಕೆ ಎರಡು ನ್ಯಾಯಸ್ಥಾನಗಳುಂಟು. ಒಂದು ದಂಡಿಸುವುದಕ್ಕೆ, ಇನ್ನೊಂದು ನಷ್ಟವನ್ನು ತುಂಬಿಕೊಡುವುದಕ್ಕೆ. ದಂಡಿಸುವ ನ್ಯಾಯಾಲಯದಲ್ಲಿ ಮೊದಲು ಭಾರತೀಯ ದಂಡ ಸಂಹಿತೆಯ 279 ಮತ್ತು 304-ಎ ಕಲಮುಗಳು ನಡೆಯುತ್ತಿದ್ದವು. ನಿರ್ಲಕ್ಷ್ಯದಿಂದ ಮರಣಕ್ಕೆ ಕಾರಣನಾದವನಿಗೆ ಎರಡು ವರುಷದ ವರೆಗೆ ಸೆರೆವಾಸವಿತ್ತು. 2024ರ ಜುಲೈ 1ರಿಂದ ಭಾರತೀಯ ನ್ಯಾಯ ಸಂಹಿತೆ ಬಂದ ಮೇಲೆ ಅವುಗಳ ಸ್ಥಾನದಲ್ಲಿ 281 ಮತ್ತು 106ನೆಯ ಕಲಮುಗಳು ನಿಂತಿವೆ. ಈಗ ನಿರ್ಲಕ್ಷ್ಯದ ಮರಣಕ್ಕೆ ಐದು ವರುಷದ ವರೆಗೆ ಸೆರೆವಾಸ ಮತ್ತು ದಂಡ. ಬಡಿದು, ತಿಳಿಸದೆ ಓಡಿಹೋದವನಿಗೆ ಹತ್ತು ವರುಷ ಎಂಬ ಇನ್ನೊಂದು ಉಪಕಲಮೂ ಅದೇ ಸಂಹಿತೆಯಲ್ಲಿದೆ. ಆದರೆ 2024ರ ಜನೆವರಿಯಲ್ಲಿ ಲಾರಿ ಚಾಲಕರು ಮುಷ್ಕರ ಹೂಡಿದ್ದರಿಂದ ಅದು ಉಳಿದ ಕಲಮುಗಳೊಡನೆ ಜಾರಿಗೆ ಬರಲಿಲ್ಲ.

ಮೊಬೈಲಿನ ಮಾತು ಕಾಯ್ದೆಯೊಳಗೆ ಸ್ಪಷ್ಟವಾಗಿ ಬಂದುದು ತೀರ ಈಚೆಗೆ. 1988ರ ಮೋಟಾರು ವಾಹನಗಳ ಕಾಯ್ದೆಯ 184ನೆಯ ಕಲಮು ಅಪಾಯಕಾರಿ ಚಾಲನೆಯನ್ನು ಕುರಿತದ್ದು. 2019ರ ತಿದ್ದುಪಡಿಯು ಆ ಕಲಮಿಗೆ ಒಂದು ವಿವರಣೆಯನ್ನು ಜೋಡಿಸಿತು. ಕೆಂಪು ದೀಪವನ್ನು ದಾಟುವುದು, ಎದುರು ದಿಕ್ಕಿನಿಂದ ನುಗ್ಗುವುದು ಮೊದಲಾದವುಗಳ ಸಾಲಿನಲ್ಲಿ, ನಡೆಸುವಾಗ ಕೈಯಲ್ಲಿ ಹಿಡಿಯುವ ಸಂಪರ್ಕ ಸಾಧನವನ್ನು ಬಳಸುವುದೂ ಸೇರಿತು. ಮೊದಲ ಸಲಕ್ಕೆ ಆರು ತಿಂಗಳಿಂದ ಒಂದು ವರುಷದ ವರೆಗೆ ಸೆರೆ, ಇಲ್ಲವೆ 1,000ದಿಂದ 5,000 ರೂಪಾಯಿಗಳ ವರೆಗೆ ದಂಡ, ಇಲ್ಲವೆ ಎರಡೂ. ಮೂರು ವರುಷದೊಳಗೆ ಮರಳಿ ಮಾಡಿದರೆ ಎರಡು ವರುಷದ ವರೆಗೆ ಸೆರೆ, ಇಲ್ಲವೆ 10,000 ರೂಪಾಯಿ ದಂಡ, ಇಲ್ಲವೆ ಎರಡೂ. 2020ರ ಅಕ್ಟೋಬರ 1ರಿಂದ ನಿಯಮಗಳಲ್ಲಿ ದಾರಿ ತೋರಿಸಿಕೊಳ್ಳಲು ಮಾತ್ರ ಅದನ್ನು ಬಳಸಬಹುದೆಂದು ಹೇಳಲಾಯಿತು; ಅದೂ ಚಾಲಕನ ಏಕಾಗ್ರತೆಗೆ ಭಂಗ ಬಾರದಂತೆ. ಒಂದು ಸರಕಾರಿ ನಿಯಮದಲ್ಲಿ ಏಕಾಗ್ರತೆಯ ಮಾತು ಬಂದಿತಲ್ಲ ಎಂದು ಗುರುಗಳು ಅಷ್ಟು ದುಃಖದಲ್ಲಿಯೂ ತಲೆದೂಗಿದರು.

“ಹಾಂಗಾದರ ಇವನ ಅಪರಾಧ ಸಿದ್ಧ ಆತಲ್ಲ?” ಎಂದು ಅವರು ಕೇಳಿದರು.

“ಸಿದ್ಧ ಆಗೂದು ಸಾಕ್ಷಿಯಿಂದರಿ, ಸರ್ರ. ಸಾಕ್ಷಿ ಎಲ್ಲೈತ್ರಿ?” ಎಂದರು ವಕೀಲರು.

ಕರ್ನಾಟಕದಿಂದಲೇ ಸರ್ವೋಚ್ಚ ನ್ಯಾಯಾಲಯಕ್ಕೆ ಹೋದ ಎರಡು ಮೊಕದ್ದಮೆಗಳನ್ನು ವಕೀಲರು ವಿವರಿಸಿದರು. ಮೊದಲನೆಯದರಲ್ಲಿ, ನಿರ್ಲಕ್ಷ್ಯದ ಚಾಲನೆಯಿಂದ ಒಂದು ಜೀವವನ್ನು ತೆಗೆದವನು ತಪ್ಪನ್ನು ಒಪ್ಪಿಕೊಂಡಾಗ ಕೆಳಗಿನ ನ್ಯಾಯಾಲಯವು ಆ ಮರಣಕ್ಕೆ 250 ರೂಪಾಯಿ ದಂಡ ಹಾಕಿ ಬಿಟ್ಟಿತ್ತು. ರಾಜ್ಯ ಸರಕಾರವು ಮೇಲ್ಮನವಿ ಹೋಯಿತು. 1987ರಲ್ಲಿ ಸರ್ವೋಚ್ಚ ನ್ಯಾಯಾಲಯವು ಇಂಥ ಶಿಕ್ಷೆಯು ಕೇಳಿದವರ ಅಂತಃಕರಣಕ್ಕೆ ಆಘಾತ ಉಂಟುಮಾಡುವಂಥದೆಂದು ಹೇಳಿ ಅವನನ್ನು ಸೆರೆಮನೆಗೆ ಕಳಿಸಿತು. ಎರಡನೆಯದರಲ್ಲಿ ಲಾರಿಯೊಂದು ಮಗುಚಿ ಅನೇಕರು ಸತ್ತಿದ್ದರು. 1998ರಲ್ಲಿ ಅದೇ ನ್ಯಾಯಾಲಯವು, ವಾಹನವು ಅತಿ ಜೋರಿನಲ್ಲಿತ್ತು ಎಂದು ಸಾಕ್ಷಿಗಳು ಹೇಳಿದ ಮಾತ್ರಕ್ಕೆ ನಿರ್ಲಕ್ಷ್ಯವು ಸಿದ್ಧವಾಗುವುದಿಲ್ಲ, ಜೋರೆಂದರೆ ಎಷ್ಟು ಎಂಬುದನ್ನು ಅಭಿಯೋಜನೆಯು ತೋರಿಸಬೇಕು ಎಂದು ತೀರ್ಪಿತ್ತಿತು. ಒಂದು ತೀರ್ಪು ಜೀವದ ಬೆಲೆಯನ್ನು ಎತ್ತಿ ಹಿಡಿಯಿತು. ಇನ್ನೊಂದು, ಅನುಮಾನದ ಮೇಲೆ ಯಾರನ್ನೂ ಸೆರೆಗೆ ನೂಕಬಾರದೆಂಬ ತತ್ತ್ವವನ್ನು ಎತ್ತಿ ಹಿಡಿಯಿತು. ಎರಡೂ ಬೇಕಾದವುಗಳೇ. ಇವೆರಡರ ನಡುವಣ ಇಕ್ಕಟ್ಟಿನ ಸಂದಿಯಲ್ಲಿ ನಿಷ್ಕಾಳಜಿಯು ನುಸುಳಿಹೋಗುತ್ತದೆ.

ಮೊಬೈಲಿನಲ್ಲಿ ಮಾತನಾಡುತ್ತಿದ್ದರೆ ಕರೆ ಯಾವಾಗ ತೊಡಗಿತು, ಯಾವಾಗ ಮುಗಿಯಿತು ಎಂಬ ದಾಖಲೆ ದೂರವಾಣಿ ಕಂಪನಿಯಲ್ಲಿರುತ್ತದೆ. ಪ್ರಮಾಣಪತ್ರದೊಡನೆ ತಂದರೆ ಅದನ್ನು ನ್ಯಾಯಾಲಯ ಸ್ವೀಕರಿಸುತ್ತದೆ. ಹಿಂದೆ ಸಾಕ್ಷ್ಯ ಅಧಿನಿಯಮದ 65-ಬಿ ಕಲಮು ಇದನ್ನು ವಿಧಿಸುತ್ತಿತ್ತು, ಈಗ 2023ರ ಭಾರತೀಯ ಸಾಕ್ಷ್ಯ ಅಧಿನಿಯಮದ 63ನೆಯದು. ಆದರೆ ಆಸನದ ಮೇಲೆ ಬೆಳಗಿದ ಅಕ್ಷರಗಳ ಕಡೆಗೆ ಕಣ್ಣು ಹೊರಳಿತು ಎಂಬುದಕ್ಕೆ ಯಾವ ಕಂಪನಿಯೂ ದಾಖಲೆ ಇಡುವುದಿಲ್ಲ. 2022ರಲ್ಲಿ ಭಾರತದ ರಸ್ತೆಗಳಲ್ಲಿ 1,68,491 ಜನರು ಸತ್ತರೆಂದು ಕೇಂದ್ರ ಸರಕಾರದ ವರದಿ ಹೇಳುತ್ತದೆ. ಅದರಲ್ಲಿ ಮೊಬೈಲಿನ ಲೆಕ್ಕಕ್ಕೆ ಬರೆದುದು ನೂರಕ್ಕೆ ಎರಡರ ಆಸುಪಾಸು. ಬಹುಪಾಲು ಅತಿವೇಗದ ಲೆಕ್ಕಕ್ಕೆ ಹೋಗಿದೆ. ಇದನ್ನು ಓದಿ ಮೊಬೈಲು ಅಷ್ಟೇನೂ ಕೆಟ್ಟದ್ದಲ್ಲ ಎಂದು ತಿಳಿಯಬಾರದು. ಕಾಣುವ ಕಾರಣವನ್ನು ಬರೆಯುತ್ತಾರೆ, ಕಾಣದ ಕಾರಣವು ಅದರ ನೆರಳಿನಲ್ಲಿ ಅಡಗುತ್ತದೆ. ಈ ಅಪರಾಧಕ್ಕೆ ಪ್ರತ್ಯಕ್ಷ ಸಾಕ್ಷಿಯು ಬಹುತೇಕ ಒಬ್ಬನೇ, ಅವನೇ ಅಪರಾಧಿ.

ಅವನನ್ನು ಬಾಯಿ ಬಿಡು ಎಂದು ಬಲವಂತಪಡಿಸುವಂತಿಲ್ಲ. ತನ್ನ ವಿರುದ್ಧ ತಾನೇ ಸಾಕ್ಷಿ ಹೇಳಬೇಕೆಂದು ಯಾವ ಆರೋಪಿತನನ್ನೂ ಒತ್ತಾಯಿಸಬಾರದೆಂದು ಸಂವಿಧಾನದ 20ನೆಯ ಅನುಚ್ಛೇದವು ರಕ್ಷಣೆ ಕೊಟ್ಟಿದೆ. “ನೀವು ಸುಮ್ಮನ ಇದ್ದರ ಅದು ನಿಮ್ಮ ಹಕ್ಕರಿ. ಅದರಾಗ ಕಾಯ್ದೆಪ್ರಕಾರ ತಪ್ಪಿಲ್ರಿ” ಎಂದು ವಕೀಲರು ಶಿಷ್ಯನಿಗೆ ಸ್ಪಷ್ಟವಾಗಿ ಹೇಳಿದರು. ಹಾಗೆ ಹೇಳುವುದು ಅವರ ವೃತ್ತಿಧರ್ಮ.

ಅಷ್ಟರಲ್ಲಿ ಎರಡನೆಯ ನ್ಯಾಯಸ್ಥಾನದ ಮಾತು ಬಂದಿತು. ಮೃತನ ಹೆಂಡತಿಯು ಮೋಟಾರು ಅಪಘಾತ ಪರಿಹಾರ ನ್ಯಾಯಾಧಿಕರಣದ ಮುಂದೆ ಅರ್ಜಿ ಹಾಕಿದ್ದಳು. 2022ರ ಏಪ್ರಿಲ್ 1ರಿಂದ ಜಾರಿಯಾದ ತಿದ್ದುಪಡಿಯಂತೆ ಕಾಯ್ದೆಯು ಇದಕ್ಕೆ ಆರು ತಿಂಗಳ ಕಾಲಮಿತಿಯನ್ನು ಹೇಳುತ್ತದೆ. ದುಃಖದಲ್ಲಿ ಮುಳುಗಿದವರು ಕೂಡ ಇದನ್ನು ಮರೆಯಬಾರದು. ಇಲ್ಲಿ ಸಂಶಯಾತೀತವಾದ ಸಾಕ್ಷಿಯು ಬೇಕಿಲ್ಲ, ಹೆಚ್ಚು ಸಂಭವನೀಯವಾದುದು ಯಾವುದು ಎಂದು ತೂಗಿ ನೋಡಿದರೆ ಸಾಕು. ತಮಿಳುನಾಡಿನಲ್ಲಿ ಜೋತುಬಿದ್ದ ವಿದ್ಯುತ್ತಂತಿಗೆ ಬಸ್ಸು ತಗುಲಿ ಜನರು ಸತ್ತ ಮೊಕದ್ದಮೆಯಲ್ಲಿ, ದಂಡ ನ್ಯಾಯಾಲಯವು ಚಾಲಕನನ್ನು ಬಿಡುಗಡೆ ಮಾಡಿದರೂ ಪರಿಹಾರ ಕೊಡಲು ಅದು ಅಡ್ಡಿಯಾಗದೆಂದು ನ್ಯಾಯಮೂರ್ತಿ ಕೃಷ್ಣ ಅಯ್ಯರ್ ಅವರು 1980ರಲ್ಲಿ ಬರೆದರು. ಚಾಲಕನ ತಪ್ಪಿಗೆ ಒಡೆಯನು ಹೊಣೆ, ಒಡೆಯನ ಹೊಣೆಯನ್ನು ವಿಮಾ ಕಂಪನಿಯು ಹೊರಬೇಕು. ಮೂರನೆಯವರಿಗಾಗಿ ವಿಮೆ ಇಳಿಸದೆ ವಾಹನವನ್ನು ರಸ್ತೆಗೆ ತರುವುದೇ ಅಪರಾಧ.

ಪರಿಹಾರವನ್ನು ಎಣಿಸುವ ಕ್ರಮವನ್ನು ಸರ್ವೋಚ್ಚ ನ್ಯಾಯಾಲಯವು 2009 ಮತ್ತು 2017ರ ತೀರ್ಪುಗಳಲ್ಲಿ ನಿಶ್ಚಯಿಸಿದೆ. ವಕೀಲರು ಒಂದು ಹಾಳೆಯ ಮೇಲೆ ಗಣಿತವನ್ನು ಮಾಡಿ ತೋರಿಸಿದರು. ಮೃತನ ಗಳಿಕೆ ತಿಂಗಳಿಗೆ 16,000 ರೂಪಾಯಿ ಎಂದು ಹಿಡಿಯಬೇಕು. ನಲವತ್ತರಿಂದ ಐವತ್ತರ ನಡುವಣ ಸ್ವಂತ ಉದ್ಯೋಗದವನಾದುದರಿಂದ ಮುಂದಿನ ಏಳಿಗೆಗೆಂದು ಕಾಲುಭಾಗ ಕೂಡಿಸಿದರೆ 20,000. ಅವಲಂಬಿಸಿದವರು ನಾಲ್ವರಾದುದರಿಂದ ಅವನ ಸ್ವಂತ ಖರ್ಚಿಗೆಂದು ಕಾಲುಭಾಗ ಕಳೆದರೆ 15,000. ವರುಷಕ್ಕೆ 1,80,000. ಅವನ ವಯಸ್ಸಿಗೆ ಗೊತ್ತುಪಡಿಸಿದ ಗುಣಕ ಹದಿನಾಲ್ಕು. ಗುಣಿಸಿದರೆ 25,20,000 ರೂಪಾಯಿ. ಇದಲ್ಲದೆ ಅಂತ್ಯಕ್ರಿಯೆಯ ಖರ್ಚು, ಮನೆಯವರಿಗೆ ತಪ್ಪಿದ ಸಾಂಗತ್ಯ ಮುಂತಾದವುಗಳಿಗೆ ಬೇರೆ ಮೊತ್ತ.

“ಆದರ ಕಂಪನಿಯವರು ಅರ್ಧಾ ತಪ್ಪು ಸತ್ತವಂದ ಅಂತ ವಾದಾ ಹಾಕ್ಯಾರ್ರಿ. ಹಿಂದ ನೋಡದ ಬಲಕ್ಕ ಹೊಳ್ಳಿದಾ ಅಂತರಿ. ನ್ಯಾಯಾಧಿಕರಣ ಒಪ್ಪಿದರ ಇದರಾಗ ಅರ್ಧಾ ಹೋಗತೈತ್ರಿ.”

ಗುರುಗಳು ಆ ಹಾಳೆಯನ್ನು ಕೈಗೆ ತೆಗೆದುಕೊಂಡು ಬಹಳ ಹೊತ್ತು ನೋಡಿದರು. 25,20,000ದ ಅರ್ಧ 12,60,000. ಆಮೇಲೆ ಶಿಷ್ಯನ ಕಡೆಗೆ ತಿರುಗಿ ಇಷ್ಟೇ ಹೇಳಿದರು:

“ಸುಮ್ಮನ ಇರೂದು ನಿನ್ನ ಹಕ್ಕು ಅಂತ ಇವರು ಹೇಳಿದ್ದು ಖರೇ ಐತಿ. ಆದರ ಆ ಹಕ್ಕಿನ ರೊಕ್ಕಾ ಆ ಹೆಣ್ಣಮಗಳು ಕೊಡಾಕತ್ತಾಳ ನೋಡು, ತಮ್ಮಾ.”

ಈ ಸಂದರ್ಭದಲ್ಲಿ ಪ್ರಾಚೀನರ ಒಂದು ವಿಚಾರವು ಸ್ಮರಣೀಯವಾಗಿದೆ. ಗಾಡಿಯ ಅಪಘಾತಗಳು ಮೋಟಾರಿನೊಡನೆ ಹುಟ್ಟಿದವುಗಳಲ್ಲ. ಧರ್ಮಶಾಸ್ತ್ರಗಳಲ್ಲಿ ಬಂಡಿ ಹೊಡೆಯುವವನನ್ನು ‘ಪ್ರಾಜಕ’ ಎಂದು ಕರೆದಿದ್ದಾರೆ. ಎತ್ತಿನ ಮೂಗುದಾರ ಹರಿದರೆ, ನೊಗ ಮುರಿದರೆ, ಎತ್ತುಗಳು ಹಿಂದಕ್ಕೆ ಸರಿದು ಅನಾಹುತವಾದರೆ ಒಡೆಯನಿಗೆ ದೋಷವಿಲ್ಲವೆಂದು ಯಾಜ್ಞವಲ್ಕ್ಯ ಸ್ಮೃತಿಯು ಹೇಳುತ್ತದೆ. ಆ ಸ್ಮೃತಿಗೆ ‘ಮಿತಾಕ್ಷರಾ’ ಎಂಬ ವ್ಯಾಖ್ಯಾನವನ್ನು ಬರೆದ ವಿಜ್ಞಾನೇಶ್ವರನು ನಮ್ಮ ಕಲ್ಯಾಣದವನು, ಆರನೆಯ ವಿಕ್ರಮಾದಿತ್ಯನ ಕಾಲದವನು. ಮನುಸ್ಮೃತಿಯು ಇನ್ನೂ ಮುಂದೆ ಹೋಗಿ, ಸರಿಯಿರಿ ಎಂದು ಕೂಗಿ ಎಚ್ಚರಿಸಿದ ಸಾರಥಿಯನ್ನು ದಂಡಿಸಬಾರದೆನ್ನುತ್ತದೆ. ಸಾರಥಿಗೆ ಕೌಶಲವಿಲ್ಲದೆ ಬಂಡಿಯು ದಾರಿ ಬಿಟ್ಟು ಪ್ರಾಣಹಾನಿಯಾದರೆ ದಂಡವು ಒಡೆಯನಿಗೆ. ಸಾರಥಿಯು ನಿಪುಣನಾಗಿದ್ದರೆ ದಂಡವು ಸಾರಥಿಗೇ. ನಿಪುಣನಲ್ಲದವನ ಬಂಡಿಯನ್ನೇರಿದವರಿಗೂ ದಂಡ. ಆ ಗ್ರಂಥಗಳಲ್ಲಿ ಮನುಷ್ಯರನ್ನು ವರ್ಣಗಳಿಂದ ತೂಗಿದ ದಂಡನೀತಿಯನ್ನು ಕಲ್ಯಾಣದ ಶರಣರು ನಿರಾಕರಿಸಿದರು. ಇಂದಿನ ಸಂವಿಧಾನವೂ ನಿರಾಕರಿಸಿದೆ. ಅದು ಯುಕ್ತವೇ. ಆದರೆ ಹೊಣೆಯನ್ನು ಹಂಚುವ ಈ ಕ್ರಮವು ಬೆರಗುಗೊಳಿಸುವಂತಿದೆ. ಬಲ್ಲವನು ತಪ್ಪಿದರೆ ತಪ್ಪು ಅವನದೇ. ಇಪ್ಪತ್ತು ವರುಷ ಕಾರು ನಡೆಸಿದ ಅನುಭವವು ತಪ್ಪನ್ನು ಹಗುರಮಾಡುವುದಿಲ್ಲ, ಭಾರಮಾಡುತ್ತದೆ.

ಒಡೆಯನ ಹೊಣೆಯೆಂಬುದೂ ಕಾಯ್ದೆಯಲ್ಲಿ ಹೊಸ ರೂಪಗಳನ್ನು ತಾಳಿದೆ. ಹದಿನೆಂಟು ತುಂಬದ ಮಗನ ಕೈಗೆ ಗಾಡಿ ಕೊಟ್ಟು ಅಪರಾಧವಾದರೆ 199-ಎ ಕಲಮಿನಂತೆ ಪಾಲಕನಿಗೋ ವಾಹನದ ಒಡೆಯನಿಗೋ ಮೂರು ವರುಷದ ವರೆಗೆ ಸೆರೆವಾಸ, 25,000 ರೂಪಾಯಿ ದಂಡ. ಆ ಹುಡುಗನಿಗೆ ಇಪ್ಪತ್ತೈದು ತುಂಬುವ ವರೆಗೆ ಪರವಾನಿಗೆ ಸಿಕ್ಕದು. ಶಾಲೆಯ ಬಾಗಿಲಿಗೆ ಮಗನು ಸ್ಕೂಟರಿನಲ್ಲಿ ಬರುವುದನ್ನು ಕಂಡು ಹಿಗ್ಗುವ ತಂದೆಯರು ಇದನ್ನು ಓದಿಕೊಳ್ಳಬೇಕು. ರಸ್ತೆಯನ್ನು ಕಟ್ಟಿದವರಿಗೂ ಹೊಣೆಯುಂಟು. 2021ರ ಜನೆವರಿ 15ರ ಬೆಳಗ್ಗೆ, ದಾವಣಗೆರೆಯಿಂದ ಗೋವೆಗೆ ಹೊರಟಿದ್ದ ಗೆಳತಿಯರ ವಾಹನವು ಧಾರವಾಡದ ಇಟ್ಟಿಗಟ್ಟಿಯ ಹತ್ತಿರ ಬೈಪಾಸಿನಲ್ಲಿ ಟಿಪ್ಪರಿಗೆ ಎದುರಾಗಿ ಬಡಿದು ಹತ್ತಕ್ಕೂ ಹೆಚ್ಚು ಜೀವಗಳು ಹೋದುದನ್ನು ಈ ಊರು ಮರೆತಿಲ್ಲ. ಹೆದ್ದಾರಿಯ ನಡುವೆ ಎರಡೇ ಸಾಲಿನ ಇಕ್ಕಟ್ಟಾದ ದಾರಿಯನ್ನು ಉಳಿಸಿದುದರ ಬಗ್ಗೆ ಆಗ ಎದ್ದ ಕೂಗು ನ್ಯಾಯವಾದುದಾಗಿತ್ತು. ದೋಷಯುಕ್ತ ರಸ್ತೆಗೆ ಗುತ್ತಿಗೆದಾರನನ್ನೂ ಅಧಿಕಾರಿಯನ್ನೂ ಹೊಣೆಮಾಡುವ 198-ಎ ಕಲಮು 2019ರ ತಿದ್ದುಪಡಿಯಲ್ಲಿ ಸೇರಿದೆ. ಹೀಗೆ ಹೊಣೆಗೆ ಪಾಲುದಾರರು ಹಲವರು. ಆದರೆ ಕಣ್ಣು ರಸ್ತೆಯ ಮೇಲಿರಬೇಕೆಂಬ ಹೊಣೆಗೆ ಮಾತ್ರ ಪಾಲುದಾರರಿಲ್ಲ.

ಕರೆ ಮಾಡಿದವರ ಪಾಲು ಏನು? ಶಿಷ್ಯನ ಮನೆಯಲ್ಲಿ ಈ ಪ್ರಶ್ನೆಯು ಎಲ್ಲಕ್ಕಿಂತ ಕ್ರೂರವಾಗಿ ಎದ್ದಿತ್ತು. ತನ್ನ ಸಂದೇಶದಿಂದಲೇ ಹೀಗಾಯಿತೆಂದು ಮಗಳು ಊಟ ಬಿಟ್ಟಿದ್ದಳು. ನಮ್ಮ ಕಾಯ್ದೆಯು ಆ ಹುಡುಗಿಯನ್ನು ಹೊಣೆಯೆಂದು ಹೇಳುವುದಿಲ್ಲ. ಅಮೆರಿಕೆಯ ನ್ಯೂಜೆರ್ಸಿ ರಾಜ್ಯದ ನ್ಯಾಯಾಲಯವೊಂದು 2013ರಲ್ಲಿ ಇದನ್ನು ವಿಚಾರಿಸಿತು. ಪಡೆಯುವವನು ಈಗ ವಾಹನ ನಡೆಸುತ್ತಿದ್ದಾನೆ, ನಡೆಸುತ್ತಲೇ ಓದುತ್ತಾನೆ ಎಂದು ತಿಳಿದೂ ಸಂದೇಶ ಕಳಿಸಿದವನಿಗೆ ಹೊಣೆ ಬರಬಹುದು ಎಂದು ಅದು ಹೇಳಿತು. ಆದರೆ ಆ ಮೊಕದ್ದಮೆಯಲ್ಲಿ ಅಂಥ ತಿಳಿವಳಿಕೆಯು ಸಿದ್ಧವಾಗದ್ದರಿಂದ ಕಳಿಸಿದವಳನ್ನು ಬಿಟ್ಟಿತು. ತಂದೆ ಎಲ್ಲಿದ್ದಾನೆಂದು ಗೊತ್ತಿಲ್ಲದ್ದರಿಂದಲೇ ಮಗಳು ಎಲ್ಲಿದ್ದೀರಿ ಎಂದು ಕೇಳಿದ್ದಳು. ಗುರುಗಳು ಅವಳನ್ನು ಕರೆಯಿಸಿ ಇದನ್ನು ತಿಳಿಸಿ ಹೇಳಿದರು. ಅವಳು ಅಂದು ರಾತ್ರಿ ಒಂದು ರೊಟ್ಟಿ ತಿಂದಳು.

ಕಿವಿಗೆ ಸಿಕ್ಕಿಸಿಕೊಂಡು ಮಾತನಾಡಿದರೆ ಕೈಗಳು ಬಿಡುವಾಗಿರುತ್ತವೆ, ಆದುದರಿಂದ ದೋಷವಿಲ್ಲ ಎಂಬ ವಾದವೂ ಕೇಳಬರುತ್ತದೆ. ಕೆನಡಾದ ಟೊರಾಂಟೊ ನಗರದಲ್ಲಿ ನಡೆದು 1997ರಲ್ಲಿ ಪ್ರಕಟವಾದ ಒಂದು ಸಂಶೋಧನೆಯು, ಫೋನಿನಲ್ಲಿ ಮಾತನಾಡುತ್ತ ನಡೆಸಿದಾಗ ಅಪಘಾತದ ಸಂಭವವು ನಾಲ್ಕು ಪಟ್ಟು ಹೆಚ್ಚೆಂದೂ, ಕೈ ಬಿಡುವಾಗಿರುವ ಸಾಧನದಿಂದ ಅದರಲ್ಲಿ ಪ್ರಯೋಜನ ಕಾಣಲಿಲ್ಲವೆಂದೂ ತೋರಿಸಿತು. ಹೋದದ್ದು ಕೈಯಲ್ಲ, ಮನಸ್ಸು. ಚಾಲಕನೊಡನೆ ಮಾತನಾಡಬೇಡಿರೆಂದು ಸರಕಾರಿ ಬಸ್ಸುಗಳಲ್ಲಿ ಬರೆದ ಹಲಗೆಯ ಹಿಂದಿನ ವಿವೇಕವೂ ಇದೇ. ಸಭೆಯಲ್ಲಿ ಅಷ್ಟಾವಧಾನಿಗಳು ಎಂಟು ಕಡೆಗೆ ಮನಸ್ಸು ಕೊಡುವುದನ್ನು ನೋಡಿ ಕೆಲವರು ತಮಗೂ ಎರಡು ಕಡೆಗಾದರೂ ಸಾಧ್ಯವೆಂದು ನಂಬುತ್ತಾರೆ. ಅವಧಾನಿಗಳು ವರುಷಾನುಗಟ್ಟಲೆ ಸಾಧನೆ ಮಾಡಿದವರು; ಅಲ್ಲದೆ ಅವರು ಕೂಡ್ರುವುದು ಜಮಖಾನದ ಮೇಲೆ. ಅಲ್ಲಿ ಒಂದು ಅಕ್ಷರ ತಪ್ಪಿದರೆ ಛಂದಸ್ಸು ಕೆಡುತ್ತದೆ, ಮನೆ ಕೆಡುವುದಿಲ್ಲ.

‘ಪ್ರಮಾದ’ ಎಂಬ ಶಬ್ದವನ್ನು ಇಂದು ದೊಡ್ಡ ತಪ್ಪು, ಅನಾಹುತ ಎಂಬ ಅರ್ಥದಲ್ಲಿ ಬಳಸುತ್ತೇವೆ. ಮೂಲದಲ್ಲಿ ಅದರ ಅರ್ಥ ಎಚ್ಚರದಪ್ಪುವುದು, ಅವಧಾನವಿಲ್ಲದಿರುವುದು. ಕಾರಣದ ಹೆಸರೇ ಕಾರ್ಯಕ್ಕೂ ನಿಂತಿತು. ‘ಜಾಗರೂಕ’ನೆಂದರೆ ಎಚ್ಚತ್ತಿರುವವನು. ಕಣ್ಣು ತೆರೆದಿದ್ದರೂ ಅದು ಬೇರೆಡೆಗೆ ನೆಟ್ಟಿದ್ದರೆ ಅವನು ನಿದ್ರಿತನೇ. ಅಂಬಿಗರ ಚೌಡಯ್ಯನ ಕಾಯಕ ದೋಣಿ ನಡೆಸುವುದು. ಕಾಯಕವನ್ನು ಪೂಜೆಗೆ ಸಮನೆಂದು ಬಗೆದವರ ನಾಡಿನಲ್ಲಿ, ಏರಿದವರನ್ನೂ ಎದುರು ಬಂದವರನ್ನೂ ಸುರಕ್ಷಿತವಾಗಿ ದಾಟಿಸುವುದಕ್ಕಿಂತ ಹೆಚ್ಚಿನ ಧ್ಯಾನವು ಸಾರಥಿಗೆ ಬೇಕಾಗಿಲ್ಲ.

ಶಿಷ್ಯನು ಏನು ಮಾಡಿದನೆಂದು ಓದುಗರು ಕೇಳುವುದು ಸಹಜ. ಅವನು ನ್ಯಾಯಾಧಿಕರಣದ ಸಾಕ್ಷಿಕಟ್ಟೆಯನ್ನು ಏರಿದನು. ಅಲ್ಲಿ ಆಡಿದ ಮಾತು ದಂಡ ನ್ಯಾಯಾಲಯದಲ್ಲಿ ಅವನ ಮೇಲೆಯೇ ಬರಬಹುದೆಂದು ವಕೀಲರು ಮೂರು ಸಲ ಎಚ್ಚರಿಸಿದ್ದರು. ಮೃತನು ಬಲಕ್ಕೆ ಹೊರಳಲಿಲ್ಲ, ನೆಟ್ಟಗೆ ಹೋಗುತ್ತಿದ್ದನು, ತಾನು ಮೊಬೈಲು ನೋಡುತ್ತಿದ್ದೆ ಎಂದು ಅವನು ಹೇಳಿದನು. ವಿಮಾ ಕಂಪನಿಯ ಪರ ವಕೀಲರು ಇದು ಅರ್ಜಿದಾರರೊಡನೆ ಮಾಡಿಕೊಂಡ ಒಳಸಂಚೆಂದು ಆಕ್ಷೇಪಿಸಿದರು. ಆಗ ನ್ಯಾಯಾಧಿಕರಣವು ಸ್ಥಳದ ಪಂಚನಾಮೆಯನ್ನು ತೆಗೆಸಿ ನೋಡಿತು. ಡಿಕ್ಕಿಗೆ ಮುಂಚೆ ಬ್ರೇಕು ಹಾಕಿದ ಗುರುತು ಎಲ್ಲಿಯೂ ಇರಲಿಲ್ಲ. ಮೊಪೆಡ್ಡಿಗೆ ಪೆಟ್ಟು ನೇರವಾಗಿ ಹಿಂದಿನಿಂದ ಬಿದ್ದಿತ್ತು. ನೋಡಿದವನು ಬ್ರೇಕು ಹಾಕುತ್ತಾನೆ. ಮೃತನ ಮೇಲೆ ತಪ್ಪಿನ ಪಾಲು ಬೀಳಲಿಲ್ಲ, ಪರಿಹಾರದಲ್ಲಿ ಅರ್ಧವು ಕಡಿಯಲಿಲ್ಲ. ದಂಡ ನ್ಯಾಯಾಲಯದ ಮೊಕದ್ದಮೆಯು ಇನ್ನೂ ನಡೆದಿದೆ. ಅದರ ಫಲವು ಏನಾದೀತೆಂದು ಯಾರೂ ಹೇಳಲಾರರು. ಸತ್ಯ ನುಡಿದವನಿಗೆ ಶಿಕ್ಷೆಯಾಗುವುದಿಲ್ಲವೆಂದು ಗುರುಗಳು ಅವನಿಗೆ ಮಾತು ಕೊಟ್ಟಿಲ್ಲ.

ಸತ್ತವನ ತಾಯಿಯು ನ್ಯಾಯಾಧಿಕರಣದ ಹೊರಗೆ ಬಾಕಿನ ಮೇಲೆ ಕುಳಿತಿದ್ದಳು. ಶಿಷ್ಯನು ಹತ್ತಿರ ಹೋಗಿ ಕೈಮುಗಿದು ನಿಂತನು. ಅವಳು ಕ್ಷಮಿಸಿದೆನೆಂದು ಹೇಳಲಿಲ್ಲ, ಶಪಿಸಲೂ ಇಲ್ಲ. “ನನ್ನ ಮಗಾ ಎಡವಟ್ಟ ಅಲ್ಲೋಪಾ. ಅಷ್ಟ ಹೇಳಿದೆಲ್ಲ” ಎಂದಳು.

ಈ ಸಂಚಿಕೆಯನ್ನು ಓದುವವರಲ್ಲಿ ಶಾಲೆಯ ಗುರುಗಳಿದ್ದಾರೆ, ಹಳೆಯ ವಿದ್ಯಾರ್ಥಿಗಳಿದ್ದಾರೆ, ಉದಾರವಾಗಿ ದಾನವಿತ್ತ ಮಹನೀಯರಿದ್ದಾರೆ. ಅವರಲ್ಲಿ ಬಹುತೇಕರು ವಾಹನವುಳ್ಳವರು. ಮಕ್ಕಳನ್ನು ಕರೆದೊಯ್ಯುವ ಶಾಲೆಯ ವಾಹನದ ಚಾಲಕನಿಗೆ ದಾರಿಯಲ್ಲಿ ಕರೆ ಮಾಡುವುದಿಲ್ಲವೆಂದು ಪಾಲಕರೂ ಕಚೇರಿಯವರೂ ಕೂಡಿ ನಿಶ್ಚಯಿಸಿದರೆ ಅದಕ್ಕೆ ಒಂದು ಕಾಸಿನ ಖರ್ಚೂ ಇಲ್ಲ. ಹತ್ತು ನಿಮಿಷ ತಡವಾದರೆ ಮನೆಯವರು ತಾಳ್ಮೆಯಿಂದ ಕಾಯಬೇಕು. ಅಪಘಾತದಲ್ಲಿ ಬಿದ್ದವರನ್ನು ಎತ್ತಿ ಆಸ್ಪತ್ರೆಗೆ ಒಯ್ಯಲು ಹಿಂಜರಿಯಬೇಕಾಗಿಲ್ಲ. 2019ರ ತಿದ್ದುಪಡಿಯು 134-ಎ ಕಲಮಿನಲ್ಲಿ ಅಂಥ ಪರೋಪಕಾರಿಗಳಿಗೆ ರಕ್ಷಣೆ ಕೊಟ್ಟಿದೆ. ಅಕ್ಷರ ಕಲಿಸುವಾಗ ಮಗುವಿಗೆ ಮೊದಲು ಹೇಳುವ ಮಾತು ‘ಇಲ್ಲಿ ಲಕ್ಷ್ಯ ಕೊಡು’ ಎಂಬುದು. ಆ ಪಾಠವು ಶಾಲೆಯ ಗೋಡೆಯೊಳಗೆ ಮುಗಿಯತಕ್ಕದ್ದಲ್ಲ.

ಶಿಷ್ಯನು ಇಂದಿಗೂ ಅದೇ ದಾರಿಯಲ್ಲಿ ಹೋಗಿಬರುತ್ತಾನೆ. ಮೊಬೈಲನ್ನು ಈಗ ಕಾರಿನ ಹಿಂದಿನ ಡಿಕ್ಕಿಯಲ್ಲಿ ಇಟ್ಟು ಬೀಗ ಹಾಕುತ್ತಾನೆ. ನವಲೂರು ಬಂದಾಗ ವೇಗವನ್ನು ತಗ್ಗಿಸುತ್ತಾನೆ. ಹಿಂದಿನಿಂದ ಬರುವವರು ಹಾರನ್ನು ಬಾರಿಸುತ್ತಾರೆ. ಅವನು ಅವರಿಗೆ ದಾರಿ ಬಿಟ್ಟು, ಪೇರಲ ಬುಟ್ಟಿಗಳನ್ನು ಇಟ್ಟುಕೊಂಡು ರಸ್ತೆಯ ಅಂಚಿನಲ್ಲಿ ಕುಳಿತವರನ್ನು ಒಬ್ಬೊಬ್ಬರನ್ನಾಗಿ ನೋಡಿಕೊಂಡು ಮುಂದೆ ಸಾಗುತ್ತಾನೆ.